ಬೋರ್ಡ್ ಬಿಸಿ, ಸುಟ್ಟ ವಾಸನೆ, ಪದೇ ಪದೇ ಟ್ರಿಪ್: ಮನೆಯ ಕರೆಂಟ್ ದೋಷ ಪತ್ತೆ ಮಾಡುವ ಕೈಪಿಡಿ

ದೋಷ ಕಂಡರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚುಗಳು ಮನೆಯಲ್ಲಿ ಎರಡು ಬಗೆ, ಎಂಸಿಬಿ ಮತ್ತು ಆರ್‌ಸಿಸಿಬಿ. ಎಂಸಿಬಿಗೆ ಗೊತ್ತಾಗುವುದು ಎರಡೇ ಸಂಗತಿ: ತಂತಿಯಲ್ಲಿ ಮಿತಿ ಮೀರಿ ಕರೆಂಟ್ ಹರಿಯುವುದು ಮತ್ತು ಶಾರ್ಟ್ ಆಗುವುದು. ಆರ್‌ಸಿಸಿಬಿಗೆ ಗೊತ್ತಾಗುವುದು ಒಂದೇ: ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಎಲ್ಲೋ ಸೋರುವುದು. ಸಡಿಲವಾದ ಸ್ಕ್ರೂ, ಅಗಲವಾದ ಸಾಕೆಟ್, ಬರೀ ತಿರುಚಿ ಟೇಪು ಸುತ್ತಿ ಬಿಟ್ಟ ಜಾಯಿಂಟ್ ಎಷ್ಟು ಕಾದರೂ ಇವೆರಡಕ್ಕೂ ಸುಳಿವು ಸಿಗುವುದಿಲ್ಲ. ಅದು ಗೊತ್ತಾಗಬೇಕಾದ್ದು ಮನೆಯಲ್ಲಿರುವವರ ಮೂಗಿಗೆ, ಕೈಗೆ, ಕಿವಿಗೆ. ಅದಕ್ಕೇ ಈ ಕೈಪಿಡಿ ಉಪಕರಣಗಳಿಂದ ಅಲ್ಲ, ಲಕ್ಷಣಗಳಿಂದ ಶುರುವಾಗುತ್ತದೆ. ಸ್ವಂತ ಮನೆಯವರಿಗೂ, ಮನೆ ಬಾಡಿಗೆಗೆ ಕೊಟ್ಟವರಿಗೂ, ಬಾಡಿಗೆಗೆ ಇರುವವರಿಗೂ ಪರೀಕ್ಷೆಗಳು ಒಂದೇ. ಖರ್ಚು ಯಾರದು ಎಂಬುದು ಕೊನೆಯಲ್ಲಿದೆ.

ಕೈ ಹಾಕುವ ಮುಂಚೆ

ಬೋರ್ಡ್ ಬಿಚ್ಚುವುದಿದ್ದರೆ ಆ ಸ್ವಿಚ್ ಆರಿಸಿದರೆ ಸಾಲದು, ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿ "ಕರೆಂಟ್ ಇಲ್ಲ" ಎಂದುಕೊಂಡು ಇನ್ವರ್ಟರ್ ಲೈನಿಗೆ ಕೈ ಹಾಕುವವರು ಬಹಳ ಜನ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಉರಿಸಿ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಮೊದಲಿನ ಜಾಗದಲ್ಲಿ ನೋಡಿ. ನಿಯಾನ್ ಟೆಸ್ಟರ್ ಉರಿಯಲಿಲ್ಲ ಎಂದ ಮಾತ್ರಕ್ಕೆ ತಂತಿ ಸತ್ತಿದೆ ಎಂದರ್ಥವಲ್ಲ, ಟೆಸ್ಟರೇ ಸತ್ತಿರಬಹುದು.

ಕಾನೂನಿನ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಅದೇ ಸಾಮರ್ಥ್ಯದವುಗಳಿಂದ ಬದಲಾಯಿಸಿಕೊಳ್ಳಬಹುದು. ಹೊಸ ಲೈನ್ ಎಳೆಯುವುದು, ವೈರಿಂಗ್ ಬದಲಿಸುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಮೀಟರ್ ಮತ್ತು ಅದರ ಸೀಲು ಕರೆಂಟ್ ಕಂಪನಿಯಾದ ಎಸ್ಕಾಂನವರದು, ಅದಕ್ಕೆ ಯಾರೂ ಕೈ ಹಾಕಬಾರದು.

ಪ್ಲಗ್ ಬಿಸಿಯಾಗುತ್ತದೆ, ಸಾಕೆಟ್ ಸುತ್ತ ಕಂದು ಕಲೆ, ಸುಟ್ಟ ವಾಸನೆ

ಮನೆಗೆ ಬೆಂಕಿ ಬೀಳುವ ಮುಂಚೆ ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಇದನ್ನೇ ಜನ ಅತಿ ಹೆಚ್ಚು ದಿನ ತಳ್ಳಿಹಾಕುವುದು. ಬಿಸಿಯಾದ ಪ್ಲಾಸ್ಟಿಕ್ ಯಾವಾಗಲೂ ಪ್ಲಾಸ್ಟಿಕ್ ಸುಟ್ಟ ಹಾಗೇ ನಾರುವುದಿಲ್ಲ. ಕೆಲವು ಸಾಕೆಟ್‌ಗಳು ಕಾದರೆ ಮೀನಿನ ವಾಸನೆ ಬರುತ್ತದೆ. ಅಡುಗೆಮನೆಯಲ್ಲಿ ಮೀನು ತಂದಿಲ್ಲದ ದಿನವೂ ಆ ವಾಸನೆ ಬಂದರೆ ಬೋರ್ಡಿನ ಕಡೆ ನೋಡಿ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಗೀಸರ್ ಅಥವಾ ಇಂಡಕ್ಷನ್ ಸ್ಟೌವ್ ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಿನ್ನುಗಳ ಹತ್ತಿರ ಬೆರಳಿನ ಹಿಂಬದಿ ಹಿಡಿಯಿರಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಆ ಸಾಕೆಟ್ಟಿನ ಕೆಲಸ ಮುಗಿಯಿತು. ಪಿನ್ನುಗಳನ್ನು ಬೆಳಕಿಗೆ ಹಿಡಿಯಿರಿ. ಮೂರೂ ಒಂದೇ ಸಮ ಹೊಳೆಯುತ್ತಿರಬೇಕು. ಒಂದು ಪಿನ್ನಿನ ಬುಡ ಮಾತ್ರ ಕಪ್ಪಾಗಿ, ಪಕ್ಕದ ಪ್ಲಾಸ್ಟಿಕ್ ಕಂದಿ ಸ್ವಲ್ಪ ಊದಿಕೊಂಡಿದ್ದರೆ ಸಾಕೆಟ್ ಒಳಗೆ ಅದೇ ತೂತಿನ ಹಿತ್ತಾಳೆ ಕ್ಲಿಪ್ಪು ಸಡಿಲವಾಗಿದೆ ಅಥವಾ ಅದರ ಹಿಂದಿನ ಸ್ಕ್ರೂ ಬಿಟ್ಟಿದೆ.

ಹೀಗೇಕೆ ಆಗುತ್ತದೆ? 2,000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಸಡಿಲ ಜಾಯಿಂಟಿನಲ್ಲಿ ಬರೀ ಅರ್ಧ ಓಮ್ ರೋಧ ಇದ್ದರೂ ಆ ಒಂದು ಚುಕ್ಕೆಯಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಅದು ಸೀಸ ಕರಗಿಸುತ್ತದೆ. ಅದಕ್ಕಿಂತ ಹೆಚ್ಚು ಶಾಖ ನಿಮ್ಮ ಗೋಡೆಯ ಪೆಟ್ಟಿಗೆಯೊಳಗೆ! ಎಂಸಿಬಿ ಮಾತ್ರ 8.7 ಆಂಪ್ ಸರಿಯಾಗಿದೆ ಎಂದು ಸುಮ್ಮನಿರುತ್ತದೆ. ಕಾದಷ್ಟೂ ಕ್ಲಿಪ್ಪಿನ ಬಿಗಿ ಹೋಗುತ್ತದೆ, ಬಿಗಿ ಹೋದಷ್ಟೂ ಇನ್ನೂ ಕಾಯುತ್ತದೆ.

ಎರಡನೆಯದು, ಪ್ಲಗ್ಗಿಗೂ ಸಾಕೆಟ್ಟಿಗೂ ಹೊಂದಿಕೆ ಇದೆಯೇ ನೋಡಿ. 6 ಆಂಪಿನ ಚಿಕ್ಕ ಸಾಕೆಟ್ 1,380 ವ್ಯಾಟ್‌ವರೆಗೆ ಮಾತ್ರ. ಗೀಸರ್, ಇಂಡಕ್ಷನ್, ಎಸಿ, ಓವನ್, ನೀರು ಕಾಯಿಸುವ ಕಾಯಿಲ್ ಇವೆಲ್ಲ 16 ಆಂಪಿನ ದೊಡ್ಡ ಸಾಕೆಟ್ಟಿಗೇ ಹೋಗಬೇಕು. ದೊಡ್ಡ ಪಿನ್ನನ್ನು ಚಿಕ್ಕ ತೂತಿಗೆ ಹೊಂದಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ ಎಂಬುದೇ ದೊಡ್ಡ ತೊಂದರೆ. ಕಿಟಕಿಯಿಂದ ಎಕ್ಸ್‌ಟೆನ್ಶನ್ ಎಳೆದು ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವುದೂ ಇದೇ ಜಾತಿಗೆ ಸೇರಿದ್ದು. ಗಂಟೆಗಟ್ಟಲೆ ಒಂದೇ ಸಮ ಲೋಡ್ ಇರುವುದರಿಂದ ಸಡಿಲ ಜಾಯಿಂಟ್ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ.

ಮೂರನೆಯದು, ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿ ನೋಡುವುದು. ತಾಮ್ರ ಹೊಳಪಾಗಿದ್ದು ಸ್ಕ್ರೂ ಮಾತ್ರ ಸಡಿಲವಿದ್ದರೆ ಬಿಗಿ ಮಾಡಿದರೆ ಸಾಕು. ತಾಮ್ರ ಕಪ್ಪಾಗಿ ಗರಿಗರಿಯಾಗಿದ್ದರೆ, ಕವಚ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಷ್ಟು ಉದ್ದ ಕತ್ತರಿಸಿ ಹೊಸ ತಾಮ್ರಕ್ಕೆ ಹೊಸ ಸಾಕೆಟ್ ಹಾಕಬೇಕು. ಸುಟ್ಟ ತಾಮ್ರಕ್ಕೆ ಹೊಸ ಸಾಕೆಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೂ ಸುಡುತ್ತದೆ. ಒಳಗೆ ಬಿಳಿ ಬಣ್ಣದ ಅಲ್ಯೂಮಿನಿಯಂ ತಂತಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಮನೆಗಳಲ್ಲಿ ಇನ್ನೂ ಇದೆ. ಸ್ಕ್ರೂ ಅಡಿ ಚಪ್ಪಟೆಯಾಗುತ್ತಾ ತಾನಾಗಿ ಸಡಿಲವಾಗುವುದು ಅದರ ಗುಣ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಇಡೀ ಮನೆಯ ವೈರಿಂಗ್ ಬದಲಿಸುವ ಮಾತು ಇಲ್ಲಿಂದಲೇ ಶುರುವಾಗಬೇಕು.

ಬೋರ್ಡಿನಿಂದ ಚಿರ್ ಚಿರ್ ಸದ್ದು, ಹೊಗೆ, ಗೋಡೆಯೇ ಬಿಸಿ ಇದ್ದರೆ ಪರೀಕ್ಷೆ ಬೇಡ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಎಂಸಿಬಿ ಬೀಳುತ್ತದೆ

ಯಾವಾಗ ಬೀಳುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ.

ಎತ್ತಿದ ಕ್ಷಣವೇ ಠಕ್ ಎಂದು ಬಿದ್ದರೆ ಶಾರ್ಟ್. ಆ ಲೈನಿನ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆರಿಸಿ ಮತ್ತೊಮ್ಮೆ ಎತ್ತಿ. ನಿಂತರೆ ಒಂದೊಂದೇ ಹಾಕುತ್ತಾ ಬನ್ನಿ, ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಏನೂ ಹಾಕದೆಯೂ ಬಿದ್ದರೆ ದೋಷ ಗೋಡೆಯೊಳಗೆ, ಅಥವಾ ಅಪರೂಪಕ್ಕೆ ಎಂಸಿಬಿಯಲ್ಲೇ. ಇತ್ತೀಚೆಗೆ ಗೋಡೆಗೆ ಮೊಳೆ ಹೊಡೆದಿರಾ, ಡ್ರಿಲ್ ಮಾಡಿಸಿದಿರಾ, ನೆನಪು ಮಾಡಿಕೊಳ್ಳಿ. ಎರಡಕ್ಕಿಂತ ಹೆಚ್ಚು ಸಲ ಎತ್ತಿ ನೋಡಬೇಡಿ. ಪ್ರತಿ ಸಲವೂ ಶಾರ್ಟ್ ಆದ ಜಾಗದಲ್ಲಿ ಕಿಡಿ ಹಾರುತ್ತದೆ.

ಐದೋ ಹತ್ತೋ ನಿಮಿಷ ಓಡಿ ಬಿದ್ದರೆ ಓವರ್‌ಲೋಡ್. ಕೂಡಿಸಿ ನೋಡಿ: 1,000 ವ್ಯಾಟ್ ಇಸ್ತ್ರಿಪೆಟ್ಟಿಗೆ 4.3 ಆಂಪ್, 2,000 ವ್ಯಾಟ್ ಇಂಡಕ್ಷನ್ 8.7 ಆಂಪ್, 3,000 ವ್ಯಾಟ್ ಇನ್‌ಸ್ಟಂಟ್ ಗೀಸರ್ 13 ಆಂಪ್. ಒಂದೇ 16 ಆಂಪ್ ಲೈನಿನಲ್ಲಿ ಗೀಸರ್ರೂ ಇಂಡಕ್ಷನ್ನೂ ಒಟ್ಟಿಗೆ ಓಡಿದರೆ 21 ದಾಟುತ್ತದೆ. ಎಂಸಿಬಿ ಬಿದ್ದದ್ದು ತಪ್ಪಲ್ಲ.

ಇಲ್ಲಿಯೇ ನಮ್ಮಲ್ಲಿ ಅತಿ ಅಪಾಯದ "ರಿಪೇರಿ" ನಡೆಯುವುದು. 16 ಆಂಪಿನದು ಬೀಳುತ್ತದೆ ಎಂದು 32 ಆಂಪಿನದು ಹಾಕಿಬಿಡುತ್ತಾರೆ. ಬೀಳುವುದು ನಿಂತಿತು, ಎಲ್ಲರಿಗೂ ಖುಷಿ. ಆದರೆ ಎಂಸಿಬಿ ಇರುವುದು ಉಪಕರಣಕ್ಕಲ್ಲ, ಗೋಡೆಯೊಳಗಿನ ತಂತಿಗೆ. ಒಂದೂವರೆ ಸ್ಕ್ವೇರ್ ಎಂಎಂ ತಂತಿಗೆ 6 ಅಥವಾ 10, ಎರಡೂವರೆಗೆ 16, ನಾಲ್ಕಕ್ಕೆ 20 ಆಂಪ್, ಇದು ಮನೆಗಳಲ್ಲಿ ಪಾಲಿಸುವ ಜೋಡಿ. ದೊಡ್ಡ ಎಂಸಿಬಿ ಬೇಕಾದರೆ ಮೊದಲು ದೊಡ್ಡ ತಂತಿ ಎಳೆಸಿ. ಹಳೆಯ ಪಿಂಗಾಣಿ ಫ್ಯೂಸ್ ಇರುವ ಮನೆಗಳಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿದೆ: ಫ್ಯೂಸ್ ಕಟ್ಟುವಾಗ ಫ್ಯೂಸ್ ತಂತಿಯ ಬದಲು ವೈರಿನ ತಾಮ್ರದ ಎಳೆಗಳನ್ನೇ ನಾಲ್ಕು ಸುತ್ತು ಸುತ್ತುವುದು.

ಲೋಡ್ ಕಡಿಮೆ ಇದ್ದೂ ಬೀಳುತ್ತಿದ್ದರೆ, ಎಂಸಿಬಿಯ ಸ್ಕ್ರೂ ಸಡಿಲವಾಗಿ ಆ ಬಿಸಿಗೆ ಅದು ಬೀಳುತ್ತಿರಬಹುದು. ಪಕ್ಕದವುಗಳಿಗಿಂತ ಅದೊಂದರ ಮೈ ಬಿಸಿ ಇದ್ದರೆ ಇದೇ ಕಾರಣ. ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೇನ್ ಆಫ್ ಆಗಿದ್ದರೂ ಮೀಟರಿನಿಂದ ಬರುವ ತುದಿ ಜೀವಂತವಾಗಿರುತ್ತದೆ, ಆದ್ದರಿಂದ ಇದು ಮನೆಯವರ ಕೆಲಸ ಅಲ್ಲ.

ಆರ್‌ಸಿಸಿಬಿ ಬೀಳುತ್ತದೆ

ಜನ ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಮೇಲೆ "ಟಿ" ಅಥವಾ "ಟೆಸ್ಟ್" ಎಂಬ ಸಣ್ಣ ಗುಂಡಿ ಇದ್ದರೆ ಅದೇ. ಮನೆಗೆ 30 ಮಿಲಿಆಂಪಿನದು ಬೇಕು. 100, 300 ಎಂದು ಬರೆದಿದ್ದರೆ ಅದು ಬೆಂಕಿಯಿಂದ ಕಾಪಾಡೀತು, ಮನುಷ್ಯನನ್ನಲ್ಲ. ಫೇಸಿನಲ್ಲಿ ಹೋದದ್ದೂ ನ್ಯೂಟ್ರಲ್ಲಿನಲ್ಲಿ ಬಂದದ್ದೂ ಸಮ ಇದೆಯೇ ಎಂದು ನೋಡುವುದಷ್ಟೇ ಇದರ ಕೆಲಸ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಇದೂ ಕಾಪಾಡದು, ಲೆಕ್ಕ ಸಮವಾಗಿಯೇ ಇರುತ್ತದಲ್ಲ.

ಹುಡುಕುವ ಕ್ರಮ: ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವ ಲೈನಿಗೆ ಬಿತ್ತೋ ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ನೋಡಿ. ಸ್ವಿಚ್ ಆರಿಸುವುದು ಬೇರೆ, ಪ್ಲಗ್ ಕೀಳುವುದು ಬೇರೆ. ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ, ಉಪಕರಣದೊಳಗೆ ನ್ಯೂಟ್ರಲ್ ಅರ್ಥಿಂಗಿಗೆ ತಾಗಿದ್ದರೆ ಸ್ವಿಚ್ ಆರಿಸಿದರೂ ಆರ್‌ಸಿಸಿಬಿ ಬೀಳುತ್ತದೆ. ಎಲ್ಲ ಎಂಸಿಬಿ ಕೆಳಗಿದ್ದರೂ ಬೀಳುವುದಕ್ಕೂ ಇದೇ ಕಾರಣ: ಒಂಟಿ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ. ಎಷ್ಟೋ ಎಲೆಕ್ಟ್ರಿಷಿಯನ್ನರು ಇಲ್ಲಿ "ಆರ್‌ಸಿಸಿಬಿ ಹಾಳಾಗಿದೆ" ಎಂದು ಹೊಸದು ಹಾಕುತ್ತಾರೆ, ಅದೂ ಬೀಳುತ್ತದೆ, ಆಮೇಲೆ ಬೈಪಾಸ್ ಮಾಡಿ ಹೋಗುತ್ತಾರೆ. ಬೈಪಾಸ್‌ಗೆ ಒಪ್ಪಲೇಬೇಡಿ. ಇನ್ಸುಲೇಷನ್ ಟೆಸ್ಟರ್, ಅಂದರೆ ಮೆಗ್ಗರ್ ಇಟ್ಟುಕೊಂಡಿರುವವರನ್ನು ಕರೆಸಿ.

ಬೀಳುವ ಹೊತ್ತೂ ಸುಳಿವು ಕೊಡುತ್ತದೆ. ಮಳೆ ಬಂದಾಗ ಮಾತ್ರ ಬಿದ್ದರೆ ಗೇಟ್ ಲೈಟು, ಹೊರಗಿನ ಬೆಲ್ ಸ್ವಿಚ್, ತಾರಸಿಯ ಹೋಲ್ಡರ್, ಸಂಪಿನ ಮೋಟರ್ ನೋಡಿ. ಬೆಳಿಗ್ಗೆ ಗೀಸರ್ ಹಾಕಿದಾಗ ಬಿದ್ದರೆ ಅದರ ಹೀಟಿಂಗ್ ಎಲಿಮೆಂಟ್ ಸೀಳಿದೆ. ಗಡಸು ನೀರಿನ ಊರುಗಳಲ್ಲಿ ಬಿಳಿ ಚಿಪ್ಪು ಕಟ್ಟಿ ಇದು ಬೇಗ ಆಗುತ್ತದೆ. ನಡುರಾತ್ರಿ ಯಾರೂ ಏನೂ ಮುಟ್ಟದೆ ಬಿದ್ದರೆ ಫ್ರಾಸ್ಟ್ ಫ್ರೀ ಫ್ರಿಜ್ಜಿನ ಡಿಫ್ರಾಸ್ಟ್ ಹೀಟರ್ ಮೇಲೆ ಮೊದಲ ಅನುಮಾನ. ಹೊಸದಾಗಿ ಇನ್ವರ್ಟರ್ ಹಾಕಿಸಿದಂದಿನಿಂದ ಬೀಳುತ್ತಿದ್ದರೆ ಅದರ ನ್ಯೂಟ್ರಲ್ಲನ್ನು ಬೇರೆ ಲೈನಿನ ನ್ಯೂಟ್ರಲ್ಲಿಗೆ ಸೇರಿಸಿದ್ದಾರೆ.

ತಿಂಗಳಿಗೊಮ್ಮೆ ಕರೆಂಟ್ ಇರುವಾಗ ಟೆಸ್ಟ್ ಗುಂಡಿ ಒತ್ತಿ. ತಕ್ಷಣ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ: ಕರೆಂಟ್ ಹೋಗಿ ಇನ್ವರ್ಟರ್ ಓಡುತ್ತಿರುವಾಗ ಅದಕ್ಕಿಂತ ಮುಂಚೆ ಇರುವ ಆರ್‌ಸಿಸಿಬಿ ಆ ಲೈನುಗಳನ್ನು ಕಾಯುವುದಿಲ್ಲ. ಇನ್ವರ್ಟರ್ ಔಟ್‌ಪುಟ್ಟಿಗೆ ಬೇರೆ ಬೇಕು.

ನಲ್ಲಿ, ಫ್ರಿಜ್ಜು, ವಾಷಿಂಗ್ ಮಷೀನು ಮುಟ್ಟಿದರೆ ಜುಮ್ಮೆನ್ನುತ್ತದೆ

ಚಪ್ಪಲಿ ಹಾಕಿಕೊಂಡು ಮುಟ್ಟುವುದು ಪರಿಹಾರವಲ್ಲ. ಜುಮ್ಮೆಂದ ದಿನವೇ ಆ ಉಪಕರಣದ ಪ್ಲಗ್ ಕಿತ್ತಿಡಿ. ನಲ್ಲಿ ಜುಮ್ಮೆಂದರೆ ಸ್ನಾನ ಅಲ್ಲಿಗೇ ಬಿಟ್ಟು ಹೊರಬಂದು, ಒಣ ಕೈಯಲ್ಲಿ ಮೇನ್ ಆಫ್ ಮಾಡಿ.

ಇಲ್ಲಿ ಒಂದಲ್ಲ, ಎರಡು ದೋಷಗಳಿರುತ್ತವೆ: ಉಪಕರಣದಲ್ಲಿ ಸೋರಿಕೆ, ಮನೆಯಲ್ಲಿ ಅರ್ಥಿಂಗ್ ಇಲ್ಲದಿರುವುದು. ಅರ್ಥಿಂಗ್ ಸರಿ ಇದ್ದರೆ ಸೋರಿದ ಕರೆಂಟ್ ಹಸಿರು ತಂತಿ ಹಿಡಿದು ಹೋಗಿ ಆರ್‌ಸಿಸಿಬಿಯನ್ನು ಬೀಳಿಸುತ್ತಿತ್ತು, ನಿಮ್ಮ ಕೈಗೆ ತಿಳಿಯುತ್ತಲೇ ಇರಲಿಲ್ಲ. ಎರಡನ್ನೂ ಸರಿಪಡಿಸಬೇಕು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಮುರಿದಿದೆಯೇ, ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ಗೆ ಸಿಕ್ಕಿಸಿದ್ದೀರಾ, ಇದನ್ನು ಮೊದಲು ನೋಡಿ. ಆಮೇಲೆ ಮೂರು ದೀಪದ ಸಾಕೆಟ್ ಟೆಸ್ಟರ್ ಸಿಕ್ಕಿಸಿ ಪ್ರತಿ ಸಾಕೆಟ್ ಪರೀಕ್ಷಿಸಿ. ಅರ್ಥಿಂಗ್ ಇಲ್ಲವೇ ಇಲ್ಲ ಎಂಬುದನ್ನೂ, ಫೇಸ್ ನ್ಯೂಟ್ರಲ್ ಅದಲುಬದಲಾದದ್ದನ್ನೂ ಅದು ತೋರಿಸುತ್ತದೆ. ಅರ್ಥಿಂಗ್ ಎಷ್ಟು ಚೆನ್ನಾಗಿದೆ ಎಂದು ಮಾತ್ರ ತೋರಿಸದು. ಮಲ್ಟಿಮೀಟರ್ ಬಳಸಲು ಬರುವವರಿಗೆ: ಫೇಸ್‌ನಿಂದ ನ್ಯೂಟ್ರಲ್‌ಗೂ, ಫೇಸ್‌ನಿಂದ ಅರ್ಥಿಗೂ ಹೆಚ್ಚುಕಡಿಮೆ ಒಂದೇ, 230 ವೋಲ್ಟಿನ ಆಸುಪಾಸು ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬಹುದು. ಫೇಸ್ ಮತ್ತು ಅರ್ಥ್ ನಡುವೆ 60, 110 ಎಂದು ತೇಲುವ ಅಂಕಿ ಬಂದರೆ ಹಸಿರು ತಂತಿ ಎಲ್ಲಿಗೂ ಸೇರಿಲ್ಲ.

ಹಾಗಾದರೆ ಅರ್ಥ್ ಪಿಟ್ ಹುಡುಕಿ. ಕಾಂಪೌಂಡಿನ ಮೂಲೆಯಲ್ಲಿ ಸಿಮೆಂಟ್ ಮುಚ್ಚಳದಡಿ ಕಬ್ಬಿಣದ ಪೈಪು ಇರುತ್ತದೆ. ಟೈಲ್ಸ್ ಹಾಕಿಸುವಾಗ ಮುಚ್ಚಿಹೋಗಿರಬಹುದು, ನಟ್ಟು ತುಕ್ಕು ಹಿಡಿದು ತಂತಿ ಕಳಚಿರಬಹುದು. ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ರೋಧ ಮೊದಲೇ ಜಾಸ್ತಿ. ಬೇಸಿಗೆಯಲ್ಲಿ ಪಿಟ್ಟಿಗೆ ನೀರು ಹಾಕುವುದು ಹಳೆಯ ಅಭ್ಯಾಸ, ಬಿಡಬೇಡಿ. ಅರ್ಥ್ ಟೆಸ್ಟರಿನಲ್ಲಿ ಅಳೆಸಿದರೆ 5 ಓಮ್ ಒಳಗೆ ಬಂದರೆ ಒಳ್ಳೆಯದು.

ಹಸಿರು ತಂತಿಯನ್ನು ನೀರಿನ ಪೈಪಿಗೆ ಕಟ್ಟುವ ಪದ್ಧತಿ ಕಬ್ಬಿಣದ ಪೈಪಿನ ಕಾಲದ್ದು. ಈಗ ನಡುವೆ ಎಲ್ಲೋ ಪ್ಲಾಸ್ಟಿಕ್ ಪೈಪು ಬಂದಿರುತ್ತದೆ. ಕರೆಂಟ್ ಭೂಮಿಗೆ ಹೋಗದೆ ಪಕ್ಕದ ಮನೆಯ ನಲ್ಲಿಗೆ ಹೋಗುತ್ತದೆ. ಅರ್ಥಿಂಗ್ ಪಿನ್ನನ್ನು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೆ ಸೇರಿಸುವುದು ಅದಕ್ಕಿಂತ ಕೆಟ್ಟದ್ದು. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲಿಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ಬಕೆಟ್ಟಿಗೆ ಹಾಕುವ ಕಾಯಿಲ್ ಬಗ್ಗೆ ಒಂದೇ ಮಾತು: ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವ ಮುಂಚೆ ಪ್ಲಗ್ ಕೀಳಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ಮೇನ್ ಇಳಿಸಿ. ಸಾಧ್ಯವಾಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ 108ಕ್ಕೆ ಕರೆ ಮಾಡಿ.

ಕೆಲವು ಬಲ್ಬು ಮಂಕು, ಕೆಲವು ಪ್ರಖರ

ಇದಕ್ಕೆ ಪರೀಕ್ಷೆಯೇ ಇಲ್ಲ, ಓಡಿಹೋಗಿ ಮೇನ್ ಇಳಿಸಿ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಕುಸಿದು ಇನ್ನೊಂದರಲ್ಲಿ 300 ದಾಟಬಹುದು. ಟಿವಿ, ಸೆಟ್‌ಟಾಪ್ ಬಾಕ್ಸ್, ಚಾರ್ಜರ್ ಸಾಲಾಗಿ ಸುಡುತ್ತವೆ. ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಇದ್ದರೆ ದೋಷ ಕಂಬದಲ್ಲಿ. ಎಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಲೈನ್‌ಮ್ಯಾನ್ ಬಂದು ಸರಿಮಾಡಿ, ವೋಲ್ಟೇಜ್ ಅಳೆಯುವವರೆಗೂ ಮೇನ್ ಎತ್ತಬೇಡಿ. 216ರಿಂದ 244 ವೋಲ್ಟ್ ನಡುವೆ ಇರಬೇಕು.

ಇಡೀ ಮನೆಯೇ ಮಿಣುಕುತ್ತಿದ್ದು, ಗಾಳಿ ಬಂದಾಗ ಜಾಸ್ತಿಯಾದರೆ ಕಂಬದಿಂದ ಬರುವ ಸರ್ವೀಸ್ ವೈರಿನ ಜಾಯಿಂಟ್ ಸಡಿಲ. ಅದಕ್ಕೂ 1912. ಮೋಟರ್ ಶುರುವಾದಾಗ ಕ್ಷಣ ಮಾತ್ರ ಮಂಕಾದರೆ ಸಹಜ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಸಣ್ಣಗೆ ಉರಿಯುತ್ತಿದ್ದರೆ ಸ್ವಿಚ್ ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಬಿದ್ದಿದೆಯೇ ನೋಡಿಸಿ. ಹಾಗಿದ್ದರೆ ಬಲ್ಬ್ ಬದಲಿಸುವವರಿಗೆ ಹೋಲ್ಡರಿನಲ್ಲಿ ಸದಾ ಶಾಕ್ ಕಾದಿರುತ್ತದೆ.

ಗ್ಯಾಸ್ ವಾಸನೆ

ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಆರಿಸುವಾಗಲೂ ಕಿಡಿ ಬರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಕೇಸರಿ ಬಣ್ಣದ ಸುರಕ್ಷಾ ಹೋಸಿನ ಮೇಲೆ ಅವಧಿ ಅಚ್ಚಾಗಿರುತ್ತದೆ, 5 ವರ್ಷಕ್ಕೆ ಬದಲಿಸಿ. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇದ್ದು, ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು ಬರುತ್ತಿದ್ದರೆ ಕಾರಣ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಗೀಸರನ್ನು ಹೊರಗಿನ ಗೋಡೆಗೆ ಸಾಗಿಸುವವರೆಗೆ ಬಳಸಬೇಡಿ.

ಬೋರ್ಡಿಗೆ ಬೆಂಕಿ ಹೊತ್ತಿದರೆ

ಮೇನ್ ಇಳಿಸಿ. ನೀರು ಬೇಡ. ಐಎಸ್‌ಐ ಗುರುತಿನ ಎಬಿಸಿ ಪೌಡರ್ ಅಥವಾ ಕಾರ್ಬನ್ ಡೈ ಆಕ್ಸೈಡ್ ನಂದಕ ಇದ್ದರೆ ಬಾಗಿಲಿಗೆ ಬೆನ್ನು ಹಾಕಿ ನಿಂತು ಬೆಂಕಿಯ ಬುಡಕ್ಕೆ ಹೊಡೆಯಿರಿ. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಬಂದು 112 ಅಥವಾ 101ಕ್ಕೆ ಕರೆ ಮಾಡಿ. ನಂದಕದ ಮುಳ್ಳು ಹಸಿರಿನಲ್ಲಿದೆಯೇ ಎಂದು ಆಗಾಗ ನೋಡುತ್ತಿರಿ. ಅದನ್ನು ಒಲೆಯ ಪಕ್ಕ ಇಡಬೇಡಿ, ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ.

ಮಾಲೀಕರ ಪಾಲು, ಬಾಡಿಗೆದಾರರ ಪಾಲು

ಗೋಡೆಯೊಳಗಿನ ತಂತಿ, ಡಿಬಿ, ಅರ್ಥಿಂಗ್, ಸ್ವಿಚ್‌ಬೋರ್ಡ್, ಮಾಲೀಕರೇ ಕೊಟ್ಟ ಗೀಸರ್ ಇವು ಮಾಲೀಕರವು. ಬಾಡಿಗೆದಾರರು ತಂದ ಉಪಕರಣ, ಎಕ್ಸ್‌ಟೆನ್ಶನ್, ಅವುಗಳಿಂದ ಸುಟ್ಟ ಸಾಕೆಟ್ ಅವರ ಲೆಕ್ಕ. ಕರಾರು ಪತ್ರದಲ್ಲಿ ಈ ಎರಡು ಸಾಲು ಬರೆದಿಟ್ಟರೆ ಆಮೇಲಿನ ಜಗಳ ಎಷ್ಟೋ ತಪ್ಪುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ತನಗೆ ತಿಳಿದಿರುವ ಮತ್ತು ಬಾಡಿಗೆದಾರರಿಗೆ ಸುಲಭಕ್ಕೆ ಕಾಣದ ಮುಖ್ಯ ದೋಷವನ್ನು ಮಾಲೀಕ ಹೇಳಲೇಬೇಕು. ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದ್ದರಿಂದ ಬಾಯಿಮಾತಲ್ಲಿ ಬಿಡಬೇಡಿ. ಸುಟ್ಟ ಸಾಕೆಟ್ಟಿನ ಫೋಟೊ ತೆಗೆದು, ತಾರೀಕು ಹಾಕಿ ಬರವಣಿಗೆಯಲ್ಲಿ ಕಳುಹಿಸಿ.

ವಠಾರದ ಹಾಗೆ ಒಂದೇ ಕಟ್ಟಡದಲ್ಲಿ ನಾಲ್ಕೈದು ಮನೆ ಇರುವವರು ಎಲ್ಲಕ್ಕೂ ಒಂದೇ ಆರ್‌ಸಿಸಿಬಿ ಹಾಕಿಸುವುದುಂಟು. ಮೂರನೇ ಮನೆಯ ಗೀಸರಿಗೆ ಐದೂ ಮನೆ ಕತ್ತಲಾಗುತ್ತದೆ. ವಾರದೊಳಗೆ ಯಾರೋ ಅದನ್ನು ಬೈಪಾಸ್ ಮಾಡಿಸುತ್ತಾರೆ. ಮನೆಗೊಂದು ಹಾಕಿಸಿ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಡಿ ಸ್ಕೂಟರ್, ಹಳೆ ಪೇಪರು, ಚಪ್ಪಲಿ ಸ್ಟ್ಯಾಂಡು ಇಡಲು ಬಿಡಬೇಡಿ. ಅಲ್ಲಿ ಹೊತ್ತಿಕೊಂಡರೆ ಮೇಲಿನವರು ಇಳಿದು ಬರುವ ದಾರಿ ಅದೊಂದೇ, ಕಿಟಕಿಗೆಲ್ಲ ಗ್ರಿಲ್ ಇರುತ್ತದೆ. ಬಾಡಿಗೆದಾರರು ಎಸಿ ಹಾಕಿಸುತ್ತೇನೆ ಎಂದರೆ ಮೊದಲು ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ, 4 ಸ್ಕ್ವೇರ್ ಎಂಎಂ ತಂತಿಯಲ್ಲಿ ಬೇರೆ ಲೈನ್ ಎಳೆಸಿ.

ಮನೆ ಖಾಲಿಯಾಗಿ ಹೊಸಬರು ಬರುವ ನಡುವಿನ ದಿನವೇ ಇದಕ್ಕೆಲ್ಲ ಅನುಕೂಲ. ಟೆಸ್ಟ್ ಗುಂಡಿ ಒತ್ತಿ, 16 ಆಂಪಿನ ಸಾಕೆಟ್ಟುಗಳನ್ನೆಲ್ಲ ಬಿಚ್ಚಿಸಿ ಸ್ಕ್ರೂ ಬಿಗಿ ಮಾಡಿಸಿ, ಪ್ರತಿ ಎಂಸಿಬಿಯ ಕೆಳಗೆ "ಅಡುಗೆಮನೆ", "ಗೀಸರ್", "ಹಾಲ್" ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ. ಹೊಸಬರಿಗೆ ಬೀಗದ ಕೈ ಕೊಡುವಾಗ ಮೇನ್ ಸ್ವಿಚ್ ಎಲ್ಲಿದೆ ಎಂದು ಕರೆದುಕೊಂಡು ಹೋಗಿ ತೋರಿಸಿ, ಒಮ್ಮೆ ಅವರ ಕೈಯಲ್ಲೇ ಇಳಿಸಿ ಎತ್ತಿಸಿ.